ರಾಖೆಲ್ ಯಾಫ್ತಾ ನುಂಗಿದ ಒಂದು ಗುಟುಕು

ರಾಖೆಲ್ ಯಾಫ್ತಾ ಮೂವತ್ತೆರಡು ವರ್ಷ ಒಂದು ತೊಟ್ಟು ವೈನ್ ನುಂಗಿದವಳಲ್ಲ. ಆದರೂ ನಮ್ಮ ಕಣಿವೆಯಲ್ಲಿ ಅವಳಷ್ಟು ವೈನನ್ನು ಬಾಯಿಗೆ ಹಾಕಿಕೊಂಡವರು ಇನ್ನೊಬ್ಬರಿಲ್ಲ. ದ್ರಾಕ್ಷಿ ಬೆಳೆಗಾರರ ಸೊಸೈಟಿಯ ಪರೀಕ್ಷಾ ಕೋಣೆಯಲ್ಲಿ ಅವಳಿಗೆ ಕೆಲಸ. ದಿನಕ್ಕೆ ಇಪ್ಪತ್ತು ಬಗೆಯ ಕೆಂಪು ವೈನ್, ಸುಗ್ಗಿ ಮುಗಿದ ಹೊಸತರಲ್ಲಿ ನಲವತ್ತು, ಅವಳ ನಾಲಗೆಯ ಮೇಲೆ ಅರೆಗಳಿಗೆ ಕೂತು, ಕೆನ್ನೆಯಿಂದ ಕೆನ್ನೆಗೆ ಹೊರಳಿ, ಕೊನೆಗೆ ಸ್ಟೀಲ್ ಬಕೆಟ್ಟಿಗೆ ಬೀಳುತ್ತಿದ್ದವು. ದುಬಾರಿ ವೈನುಗಳೇನಲ್ಲ. ಕೇಪ್‌ಟೌನಿನ ಟ್ಯಾಕ್ಸಿ ಡ್ರೈವರು ಶನಿವಾರ ಮನೆಗೆ ಒಯ್ಯುವಂಥವು, ಬಾಟಲಿಗೆ ಮೂವತ್ತೈದು ರ‍್ಯಾಂಡಿನವು, ಮದುವೆ ಮನೆಗೆ ಐದು ಲೀಟರಿನ ಡಬ್ಬದಲ್ಲಿ ಬರುವಂಥವು.

ನಾನು ಅವಳ ಪಕ್ಕದ ಮನೆಯವಳು. ಚರ್ಚಿನಲ್ಲೂ ಅವಳ ಪಕ್ಕದಲ್ಲೇ ಕೂರುವವಳು. ಅವಳು ಹೇಳುತ್ತಾಳೆ, ನಾನು ಕೇಳುತ್ತೇನೆ. ಹಾಗಾಗಿ ಇದರಲ್ಲಿ ಹೆಚ್ಚಿನದು ಅವಳ ಬಾಯಿಂದಲೇ ಬಂದದ್ದು, ಆ ಭಾನುವಾರದ್ದು ಮಾತ್ರ ನಾನು ಕಣ್ಣಾರೆ ಕಂಡದ್ದು.

ಅವಳ ಅಪ್ಪ ದ್ರಾಕ್ಷಿ ತೋಟದ ಆಳು. ಆಗ ತೋಟದ ಯಜಮಾನರು ಕೂಲಿಯ ಒಂದು ಪಾಲನ್ನು ವೈನಿನಲ್ಲೇ ಕೊಡುತ್ತಿದ್ದರು. ಬೆಳಕು ಹರಿಯುವ ಮೊದಲು ಒಂದು ತಗಡಿನ ಲೋಟ, ತಿಂಡಿಗೆ ಒಂದು, ಮಧ್ಯಾಹ್ನ ಒಂದು, ಸಂಜೆಗೆ ಎರಡು. ಅಪ್ಪ ನಲವತ್ತೊಂದನೆಯ ವಯಸ್ಸಿಗೆ ಹಳದಿ ಬಣ್ಣಕ್ಕೆ ತಿರುಗಿ ಸತ್ತ. ಮಣ್ಣು ಮಾಡಿ ಬಂದ ದಿನವೇ ಅಮ್ಮ ಇಬ್ಬರು ಮಕ್ಕಳ ಕೈಯನ್ನೂ ಬೈಬಲ್ಲಿನ ಮೇಲೆ ಇಡಿಸಿದಳು. ರಾಖೆಲ್‌ಗೆ ಹದಿನಾರು, ತಮ್ಮ ಈಸಾಕ್‌ಗೆ ಹದಿಮೂರು.

"ಇದು ನಿಮ್ಮ ರಕ್ತದಲ್ಲೇ ಮಲಗಿದೆ," ಎಂದಳು ಅಮ್ಮ. "ಒಂದೇ ಒಂದು ಗುಟುಕು ಒಳಗೆ ಹೋದ್ರೆ ಸಾಕು, ಎದ್ದು ಕೂರ್ತದೆ. ಆಮೇಲೆ ಅದನ್ನ ಮಲಗಿಸೋಕೆ ದೇವರಿಗೂ ಕಷ್ಟ."

ಕುಡಿಯುವುದಿಲ್ಲವೆಂದು ಈಸಾಕ್ ಕೊಟ್ಟ ಮಾತು ಮುಂದಿನ ಸುಗ್ಗಿಯವರೆಗೂ ಉಳಿಯಲಿಲ್ಲ. ಅವನಲ್ಲಿ ಅದು ಎದ್ದು ಕೂತದ್ದನ್ನು ರಾಖೆಲ್ ಇಪ್ಪತ್ತೆರಡು ವರ್ಷ ನೋಡಿದಳು. ಅವನ ಹೆಂಡತಿ ತವರಿಗೆ ಹೋದಳು, ಕೆಲಸ ಹೋಯಿತು, ಮುಂದಿನ ಎರಡು ಹಲ್ಲು ಹೋದವು. ಹೀಗಾಗಿ ಅಮ್ಮನ ಮಾತಿನಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ತನ್ನೊಳಗೂ ಅದು ಮಲಗಿದೆ, ಒಂದು ಗುಟುಕಿಗೆ ಕಾಯುತ್ತಿದೆ ಎಂದೇ ನಂಬಿದ್ದಳು.

ಅಂಥವಳು ವೈನಿನ ಕೆಲಸಕ್ಕೆ ಹೋದದ್ದು ಹೇಗೆ ಎಂದರೆ, ನಮ್ಮ ಕಣಿವೆಯಲ್ಲಿ ಬೇರೆ ಕೆಲಸ ಎಲ್ಲಿದೆ? ಸೊಸೈಟಿಗೆ ಸೇರಿದ್ದು ಗ್ಲಾಸು ತೊಳೆಯಲು. ತೊಳೆಯುವ ಮೊದಲು ಪ್ರತಿ ಗ್ಲಾಸನ್ನೂ ಮೂಸುವ ಅಭ್ಯಾಸ ಅವಳಿಗೆ ತಾನಾಗಿ ಬಂತು. ಒಂದು ದಿನ ವೈನ್ ತಯಾರಿಕೆಯ ಮುಖ್ಯಸ್ಥರಾದ, ನಾವು ಮೆನೀರ್, ಅಂದರೆ ಸಾಹೇಬರು, ಎನ್ನುತ್ತಿದ್ದ ರಾಬಿ ಕೋಣೆಯಲ್ಲೇ ಇದ್ದರು.

"ಮೆನೀರ್, ಈ ಮೂರನೇ ಗ್ಲಾಸಲ್ಲಿ ಸೈಕಲ್ ಟ್ಯೂಬ್ ಸುಟ್ಟಿದ್ದು ಯಾರು?"

"ಏನಂದೆ?"

"ಸೈಕಲ್ ಟ್ಯೂಬು. ಕಾರಿನ ಟೈರಲ್ಲ, ಅದಾದ್ರೆ ಇನ್ನೂ ಜೋರಿರ್ತದೆ."

ಅದು ಪಿನೋಟಾಜ್ ದ್ರಾಕ್ಷಿಯ ವೈನು. ಟ್ಯಾಂಕು ಬಿಸಿಯೇರಿ ಕೆಟ್ಟಿತ್ತು. ಏನು ಕೆಟ್ಟಿದೆ ಎಂದು ರಾಬಿಯವರು ಬೆಳಗಿನಿಂದ ತಲೆ ಕೆಡಿಸಿಕೊಂಡಿದ್ದರು. ಪಕ್ಕದ ಗ್ಲಾಸನ್ನು ಅವಳತ್ತ ತಳ್ಳಿದರು.

"ಇದನ್ನ ಬಾಯಿಗೆ ಹಾಕಿ ಹೇಳು."

"ನಾನು ಕುಡಿಯಲ್ಲ, ಮೆನೀರ್. ಅಮ್ಮನಿಗೆ ಮಾತು ಕೊಟ್ಟಿದೀನಿ."

"ಇಲ್ಲಿ ಕುಡಿಯೋರು ಯಾರು? ಇವನ್ನೆಲ್ಲ ನಾನು ಕುಡಿದಿದ್ರೆ ಇಷ್ಟೊತ್ತಿಗೆ ನನ್ನ ಹೆಂಡ್ತಿ ಇನ್ನೊಬ್ಬನ್ನ ಮದುವೆ ಆಗಿರ್ತಿದ್ಲು. ಉಗುಳು. ಅದಕ್ಕೇ ಬಕೆಟ್ ಇರೋದು."

ಉಗುಳುವುದನ್ನು ಅವಳು ಒಂದು ವಿದ್ಯೆಯನ್ನಾಗಿಯೇ ಕಲಿತಳು. ಮೂರು ಅಡಿ ದೂರದ ಬಕೆಟ್ಟಿಗೆ ತೆಳ್ಳನೆಯ ದಾರದ ಹಾಗೆ, ಒಂದು ಹನಿ ಆಚೆ ಬೀಳದಂತೆ. ಟ್ಯಾಂಕರ್ ಲಾರಿಯ ಡ್ರೈವರುಗಳು ಅವಳಿಗೆ ಪಿಚಕಾರಿ ಆಂಟಿ ಎಂದು ಹೆಸರಿಟ್ಟರು. ಸಂಜೆ ಮನೆಗೆ ಹೊರಡುವ ಮೊದಲು ಮೂರು ಸಲ ಉಪ್ಪುನೀರು ಮುಕ್ಕಳಿಸುತ್ತಿದ್ದಳು. ಅದನ್ನು ಒಂದು ದಿನವೂ ಬಿಟ್ಟವಳಲ್ಲ.

ಬಾಟಲಿಯ ಹಿಂದೆ ಅಂಟಿಸುವ ಚೀಟಿಯ ಬರಹ ಆಗ ಕೇಪ್‌ಟೌನಿನಿಂದ ಬರುತ್ತಿತ್ತು. ಒಂದು ಸಲ ಅದರಲ್ಲಿ ಕ್ಯಾಸಿಸ್ ಹಣ್ಣು, ದೇವದಾರು, ಚುಟ್ಟಾ ಪೆಟ್ಟಿಗೆ ಎಂದಿತ್ತು.

"ಕ್ಯಾಸಿಸ್ ಅಂದ್ರೆ ಯಾವ ಹಣ್ಣು ಮೆನೀರ್? ನೀವು ತಿಂದಿದೀರಾ?"

"ಇಲ್ಲ."

"ಬರೆದವರು ತಿಂದಿದಾರಾ?"

"ಅನುಮಾನ," ಎಂದರು ರಾಬಿ. "ಸರಿ, ನೀನೇ ಹೇಳು. ಬರ್ಕೋತೀನಿ."

ಅವತ್ತಿನಿಂದ ನಮ್ಮ ಸೊಸೈಟಿಯ ಅಗ್ಗದ ವೈನುಗಳ ಚೀಟಿಗೆಲ್ಲ ಮಾತು ಒದಗಿಸಿದವಳು ರಾಖೆಲ್. ಸಿನ್ಸೋ ದ್ರಾಕ್ಷಿಯದಕ್ಕೆ: "ಸ್ಟ್ರಾಬೆರಿ ಜಾಮು, ತಳ ಸ್ವಲ್ಪ ಹತ್ತಿದ್ದು. ಆಮೇಲೆ ಇಸ್ತ್ರಿ ಮಾಡಿದ ಹತ್ತಿ ಬಟ್ಟೆ. ಬೇಗ ಹೊರಟು ಹೋಗ್ತದೆ, ಸಂಕೋಚದ ನೆಂಟರ ಹಾಗೆ." ಶಿರಾಜ್‌ಗೆ: "ಕೆಂಡದ ಮೇಲೆ ಸುಟ್ಟ ರೊಟ್ಟಿ, ಕರಿಮೆಣಸು. ಇದರ ಜೊತೆ ಮೀನು ತಿನ್ನೋರಿಗೆ ಬುದ್ಧಿ ಇಲ್ಲ." ಕೊನೆಯ ಸಾಲನ್ನು ರಾಬಿಯವರು ಬಿಟ್ಟರು. ನಾಲ್ಕು ಬಗೆಯ ದ್ರಾಕ್ಷಿ ಬೆರೆಸಿ ಮಾಡುತ್ತಿದ್ದ, ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದ ಕೆಂಪು ವೈನಿಗೆ ಅವಳು ಕೊಟ್ಟದ್ದು: "ಮರದಡಿ ಬಿದ್ದ ಹಿಪ್ಪುನೇರಳೆ, ಎರಡು ಲವಂಗ, ಕೊನೆಗೆ ಕಡು ಟೀಯ ಒಗರು. ಕುರಿಮಾಂಸಕ್ಕೆ ಒಳ್ಳೆಯದು." ಅದು ಅಚ್ಚಾಗಿ ಬಂದಾಗ ಈಸಾಕ್ ಅಂಗಡಿಗೆ ಹೋಗಿ, ಬಾಟಲಿ ಮುಟ್ಟದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಅಷ್ಟನ್ನೂ ಗಟ್ಟಿಯಾಗಿ ಓದಿ ಬಂದನಂತೆ.

ಅಷ್ಟು ಹೊತ್ತಿಗೆ ಈಸಾಕ್ ಕುಡಿತ ಬಿಟ್ಟಿದ್ದ. ಒಂದು ಬೆಳಿಗ್ಗೆ ತೋಟದ ಕಾಲುವೆಯಿಂದ ಎದ್ದು, ಕೆಸರು ಬಟ್ಟೆಯಲ್ಲೇ ಅಕ್ಕನ ಅಡುಗೆಮನೆಗೆ ಬಂದು ಕೂತು ಟೀ ಕೇಳಿದ್ದ. ಅವಳು ಕೊಟ್ಟಳು. ಆಮೇಲೆ ಅವಳ ಮನೆಯಲ್ಲೇ ಉಳಿದ ಅವನು ಒಂಬತ್ತು ವರ್ಷ ಟೀ ಬಿಟ್ಟು ಬೇರೇನೂ ಕುಡಿದಿಲ್ಲ. ಆದರೆ ಆ ಒಂಬತ್ತು ವರ್ಷವೂ ಅವಳು ಅವನ ಹೆಜ್ಜೆ ಸದ್ದು ಕೇಳಿಯೇ ದಿನ ಕಳೆದಳು. ಹೆಜ್ಜೆ ನೇರವಾಗಿದ್ದರೆ ಉಸಿರು ಬಿಡುತ್ತಿದ್ದಳು.

ನಮ್ಮ ಚರ್ಚಿನ ಹೆಂಗಸರ ಸಂಘದಲ್ಲಿ ಅವಳ ಕೆಲಸದ ಮಾತು ಬಾರದೇ ಇರಲಿಲ್ಲ. ಸಂಘದ ಹಿರಿಯಳು ಓಮಾ ಸಾನಾ, ಎಂಬತ್ತು ದಾಟಿದ ಅಜ್ಜಿ, ಸಭೆಯಲ್ಲಿ ಎದ್ದು ನಿಂತು ಕೇಳಿದಳು.

"ಏನೇ ರಾಖೆಲ್, ಗಂಟಲು ಮುಚ್ಚಿದೆ ಅಂತ ಬಾಯಿಗೆ ಗೊತ್ತಾಗ್ತದೇನೇ?"

"ಓಮಾ, ಸಂತೆಯಲ್ಲಿ ಕೋಳಿನ ಎತ್ತಿ ತೂಗಿ ನೋಡ್ತೀರಲ್ಲ, ಅಷ್ಟಕ್ಕೇ ನಿಮ್ಮ ಹೊಟ್ಟೆ ತುಂಬ್ತದಾ?"

ಪಾದ್ರಿಗಳು ಮೊದಲು ನಕ್ಕರು, ಆಮೇಲೆ ಓಮಾ ಸಾನಾ. ಮಾತು ಅಲ್ಲಿಗೆ ಮುಗಿಯಿತು.

ಇನ್ನು ಚರ್ಚಿನ ವಿಷಯ. ಈಸಾಕನಂಥ ಗಂಡಸರು ನಮ್ಮಲ್ಲಿ ಒಬ್ಬಿಬ್ಬರಲ್ಲ. ಅದಕ್ಕೇ ಕರ್ತನ ಭೋಜನಕ್ಕೆ, ಯೇಸುವಿನ ನೆನಪಿಗೆ ರೊಟ್ಟಿ ಮತ್ತು ಬಟ್ಟಲು ಹಂಚುವ ಆರಾಧನೆಗೆ, ನಾವು ವೈನ್ ಬಳಸುವುದಿಲ್ಲ. ಪ್ರತಿ ಸುಗ್ಗಿಯ ಮೊದಲ ಬುಟ್ಟಿ ದ್ರಾಕ್ಷಿಯನ್ನು ಸಂಘದ ಹೆಂಗಸರು ಹಿಂಡಿ, ರಸವನ್ನು ಕುದಿಸಿ, ಸೊಸೈಟಿ ಕೊಡುವ ಚೀಟಿಯಿಲ್ಲದ ಹಸಿರು ಬಾಟಲಿಗಳಿಗೆ ತುಂಬುತ್ತೇವೆ. ಅವು ಸೊಸೈಟಿಯ ತಣ್ಣನೆಯ ಕೋಣೆಯಲ್ಲೇ ಇರುತ್ತವೆ. ವರ್ಷಕ್ಕೆ ನಾಲ್ಕು ಸಲ, ಭೋಜನದ ಹಿಂದಿನ ದಿನ, ನಾವು ಗೌರವದಿಂದ ಊಮ್ ಎಂದು ಕರೆಯುವ ಸಭಾಸೇವಕ ಡಿರ್ಕ್ ಎರಡು ಬಾಟಲಿ ತರುತ್ತಾನೆ.

ರಾಖೆಲ್‌ಗೆ ಆ ಪುಟ್ಟ ಗಾಜಿನ ಬಟ್ಟಲು ಬಂದಾಗ ಅವಳು ಅದನ್ನು ಮೂಸುವುದಿಲ್ಲ. ಉಸಿರು ಹಿಡಿದೇ ಬಾಯಿಗೆ ಹಾಕುತ್ತಾಳೆ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ನನ್ನ ಕೆಲಸದ ಮೂಗನ್ನ ಬಾಗಿಲಾಚೆ ಬಿಟ್ಟು ಬರ್ತೀನಿ ಕಣೇ. ಕರ್ತನ ಬಟ್ಟಲಿಗೆ ಮಾರ್ಕ್ಸ್ ಕೊಡೋಕೆ ನಾನ್ಯಾರು?" ಎಂದಿದ್ದಳು.

ಆ ಭಾನುವಾರ ಮೇ ತಿಂಗಳದು, ನಮ್ಮಲ್ಲಿ ಚಳಿಗಾಲ ಆಗತಾನೆ ಶುರುವಾಗಿತ್ತು. ಮುಂದಿನ ಬೆಂಚಿನಲ್ಲಿ ಓಮಾ ಸಾನಾ, ಆಮೇಲೆ ರಾಖೆಲ್, ಆಮೇಲೆ ನಾನು. ನಡುದಾರಿಯ ಆಚೆ ಗಂಡಸರ ಬೆಂಚು, ಅದರಲ್ಲಿ ಮೂರನೆಯವನು ಈಸಾಕ್. ಊಮ್ ಡಿರ್ಕ್ ನಮ್ಮ ಕಡೆ ತಟ್ಟೆ ತಂದ, ಇನ್ನೊಬ್ಬ ಸಭಾಸೇವಕ ಆ ಕಡೆ. ನಮ್ಮಲ್ಲಿ ಬಟ್ಟಲು ಕೈಗೆ ಬಂದಂತೆಲ್ಲ ಕುಡಿಯುವುದು ವಾಡಿಕೆ, ಪಾದ್ರಿಗಳದ್ದು ಎಲ್ಲರಿಗಿಂತ ಕೊನೆಗೆ.

ಓಮಾ ಸಾನಾ ಕುಡಿದು ಬಟ್ಟಲು ಇಟ್ಟಳು. ರಾಖೆಲ್ ಬಾಯಿಗೆ ಹಾಕಿಕೊಂಡಳು. ನಾನು ಕೈ ಚಾಚಬೇಕು ಅನ್ನುವಷ್ಟರಲ್ಲಿ ಅವಳ ಮೊಣಕೈ ನನ್ನ ಪಕ್ಕೆಗೆ ಬಲವಾಗಿ ತಾಗಿತು. ನೋಡಿದರೆ ತುಟಿ ಬಿಗಿದಿದೆ, ಕೆನ್ನೆ ಉಬ್ಬಿದೆ, ಕಣ್ಣು ಅಗಲವಾಗಿದೆ. ಅವಳ ಎಡಗೈ ಬೆಂಚಿನ ಕೆಳಗೆ ಏನನ್ನೋ ತಡಕಾಡುತ್ತಿತ್ತು. ಅಲ್ಲಿ ಬಕೆಟ್ ಇರಲಿಲ್ಲ, ನನ್ನ ಕೈಚೀಲ ಇತ್ತು.

ಇದು ರಸವಲ್ಲ ಎಂದು ನಾಲಗೆಗೆ ತಾಗಿದ ಕೂಡಲೇ ಅವಳಿಗೆ ತಿಳಿದಿತ್ತು. ಆದರೆ ಈಗ ಮಾಡುವುದೇನು? ಕರ್ತನ ಬಟ್ಟಲಿನಿಂದ ಬಂದದ್ದನ್ನು ಕರ್ತನ ಮನೆಯ ನೆಲಕ್ಕೆ ಹೇಗೆ ಉಗುಳುವುದು? ನುಂಗಿದರೆ ಅಮ್ಮನಿಗೆ ಕೊಟ್ಟ ಮಾತು ಹೋಯಿತು, ಒಳಗೆ ಮಲಗಿದ್ದದ್ದು ಎದ್ದಿತು. ಆರಾಧನೆ ಮುಗಿಯುವ ತನಕ ಬಾಯಲ್ಲೇ ಇಟ್ಟುಕೊಂಡು ಹೊರಗೆ ಹೋಗಿ ಉಗುಳಬಹುದಿತ್ತು. ಅವಳಿಗೆ ಅದು ಸಾಧ್ಯವಿತ್ತು, ಅಂಥ ಬಾಯಿ ಅದು. ಹಾಗೇ ಮಾಡೋಣ ಎಂದುಕೊಂಡೂ ಇದ್ದಳಂತೆ. ಅಷ್ಟರಲ್ಲಿ ನಡುದಾರಿಯ ಆಚೆ ನೋಡಿದಳು. ತಟ್ಟೆ ಎರಡನೆಯವನನ್ನು ದಾಟಿತ್ತು. ಈಸಾಕನ ಎರಡು ಬೆರಳ ನಡುವೆ ಬಟ್ಟಲು ಇತ್ತು. ಅವನು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ.

ಬಾಯಿ ತುಂಬಿದವಳು ಕೂಗುವುದು ಹೇಗೆ?

ಅವಳು ನುಂಗಿದಳು. ಅವಳ ಗಂಟಲು ಏರಿ ಇಳಿದದ್ದನ್ನು ನಾನು ನೋಡಿದೆ.

"ಈಸಾಕ್, ಕೆಳಗಿಡು!"

ನಮ್ಮ ಚರ್ಚಿನಲ್ಲಿ ಭೋಜನದ ಹೊತ್ತಿಗೆ ಯಾರೂ ಕೆಮ್ಮುವುದು ಕೂಡ ಇಲ್ಲ. ಈಸಾಕ್ ಬೆಚ್ಚಿ ಕಣ್ಣು ತೆರೆದ. ಬಟ್ಟಲು ತುಟಿಯಿಂದ ಒಂದು ಬೆರಳಿನಷ್ಟು ದೂರದಲ್ಲಿತ್ತು. ಅಕ್ಕನ ಮುಖ ನೋಡಿ, ಬಟ್ಟಲನ್ನು ಬೆಂಚಿನ ಮೇಲೆ ಇಟ್ಟು ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಕೂತ.

"ಅಕ್ಕಾ, ಆರಾಧನೆ ನಡೀತಿದೆ," ಎಂದು ಊಮ್ ಡಿರ್ಕ್ ಪಿಸುಗುಟ್ಟಿದ.

"ಇದು ವೈನ್, ಡಿರ್ಕಣ್ಣ."

"ನಿಮ್ಮ ಕೈಯಾರೆ ಕುದಿಸಿದ ರಸ ಅದು. ನಿನ್ನೆ ನಾನೇ ತಂದಿದ್ದು."

"ನಾನು ಕುದಿಸಿದ್ದರಲ್ಲಿ ಲವಂಗ ಎಲ್ಲಿಂದ ಬರಬೇಕು? ಹಿಪ್ಪುನೇರಳೆ, ಲವಂಗ, ಕಡೇಲಿ ಕಡು ಟೀ. ಹದಿನಾಲ್ಕನೇ ಟ್ಯಾಂಕು. ಶುಕ್ರವಾರ ನಾನೇ ಹಿಡಿದಿದ್ದು."

"ನನಗೂ ಅನ್ನಿಸ್ತು," ಎಂದಳು ಓಮಾ ಸಾನಾ, ಇಡೀ ಸಭೆಗೆ ಕೇಳುವಂತೆ. "ಈ ವರ್ಷದ್ದು ಭಾರೀ ಚೆನ್ನಾಗಿದೆ ಅಂತ."

ಪಾದ್ರಿಗಳು ಇಳಿದು ಬಂದು ಈಸಾಕನ ಬಟ್ಟಲನ್ನು ಮೂಸಿದರು, ಹೌದೆಂದು ತಲೆಯಾಡಿಸಿದರು. ತಟ್ಟೆ ಎರಡೂ ವಾಪಸ್ಸು ಹೋದವು. ಭಾನುವಾರದ ಶಾಲೆಯ ಮಕ್ಕಳಿಗೆಂದು ಹಿಂದಿನ ಅಡುಗೆಕೋಣೆಯಲ್ಲಿ ಇಟ್ಟಿದ್ದ ದ್ರಾಕ್ಷಿ ರಸದ ಡಬ್ಬಿಗಳನ್ನು ಒಡೆದು ಹೊಸ ಬಟ್ಟಲು ತುಂಬಿದರು. ಅಷ್ಟು ಹೊತ್ತೂ ನಾವು ಇಪ್ಪತ್ತಮೂರನೆಯ ಕೀರ್ತನೆಯನ್ನು ಎರಡು ಸಲ ಹಾಡಿದೆವು. ರಾಖೆಲ್ ಹಾಡಲಿಲ್ಲ. ತಣ್ಣಗಿದ್ದ ಅವಳ ಕೈ ನನ್ನ ಕೈಯಲ್ಲಿತ್ತು.

ಆದದ್ದು ಇಷ್ಟೇ. ಶುಕ್ರವಾರ ಅವಳು ಹದಿನಾಲ್ಕನೇ ಟ್ಯಾಂಕಿನಿಂದ ಎರಡು ಬಾಟಲಿ ಮಾದರಿ ಹಿಡಿದು, ಬೇರೆ ಜಾಗವಿಲ್ಲದೆ ನಮ್ಮ ರಸದ ಬಾಟಲಿಗಳ ಪಕ್ಕದಲ್ಲೇ ಇಟ್ಟಿದ್ದಳು. ಅದೇ ಹಸಿರು ಬಾಟಲಿ. ಸಂಖ್ಯೆ ಬರೆದಿದ್ದ ಕಾಗದದ ಪಟ್ಟಿ ಕೋಣೆಯ ತೇವಕ್ಕೆ ಕಳಚಿ ಬಿದ್ದಿತ್ತು. ಊಮ್ ಡಿರ್ಕ್ ಕೈಗೆ ಸಿಕ್ಕಿದ್ದು ತಂದ. ಚರ್ಚಿನ ಹೊರಗೆ ಅವನು ಅಳುವಂತಾಗಿದ್ದ.

"ಕೆಂಪಗಿತ್ತು, ತಂದ್ಬಿಟ್ಟೆ. ನನಗೇನು ಗೊತ್ತು?"

"ಇಟ್ಟವಳು ನಾನು, ಡಿರ್ಕಣ್ಣ. ನಿನ್ನ ತಪ್ಪಿಗಿಂತ ನನ್ನದೇ ದೊಡ್ಡದು. ಮನೆಗೆ ಹೋಗು," ಎಂದಳು ರಾಖೆಲ್. ಆಮೇಲೆ ಪಾದ್ರಿಗಳ ಕಡೆ ತಿರುಗಿದಳು. "ಅಯ್ಯಾ, ನಾನು ನುಂಗಿದೆ."

"ನೋಡಿದೆನಮ್ಮ. ನುಂಗದೆ ಮಾತಾಡೋಕೆ ಆಗ್ತಿತ್ತಾ?"

"ಇಲ್ಲ."

"ಮತ್ತೆ?" ಎಂದು ಅವರು ಅವಳ ಕೈ ಕುಲುಕಿ ಮುಂದಿನವರ ಕಡೆ ತಿರುಗಿದರು.

ಆದರೆ ಅವಳಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಮನೆಗೆ ಬಂದವಳು ಟೋಪಿ ಕೂಡ ತೆಗೆಯದೆ, ಕಪ್ಪು ಉಡುಪಿನಲ್ಲೇ ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಹಾವು ಕಚ್ಚಿಸಿಕೊಂಡವರು ವಿಷ ಏರುವುದನ್ನು ಕಾಯುವ ಹಾಗೆ. ನಾನೂ ಪಕ್ಕದಲ್ಲಿ ಕೂತೆ. ಬೇಲಿಯ ಮೇಲೆ ಬಿಸಿಲು ಬಂತು, ಹೋಯಿತು. ಸ್ವಲ್ಪ ಹೊತ್ತಿಗೆ ಈಸಾಕ್ ಎರಡು ಲೋಟ ಟೀ ಹಿಡಿದು ಬಂದ.

"ಏನಕ್ಕ, ಯಾರಿಗೆ ಕಾಯ್ತಿದೀಯ?"

"ಬರ್ತದೇನೋ ಅಂತ."

"ಯಾವುದು?"

"ಅಪ್ಪನದು."

ಅವನು ಲೋಟಗಳನ್ನು ನಮ್ಮ ಕೈಗೆ ಕೊಟ್ಟು ಅವಳೆದುರು ಕುಕ್ಕರುಗಾಲಲ್ಲಿ ಕೂತ. ಇಪ್ಪತ್ತೆರಡು ವರ್ಷದ ಅನುಭವವಿದ್ದ ವೈದ್ಯನ ಹಾಗೆ ಅವಳನ್ನು ನೋಡಿದ.

"ಅಂಗೈ ಬೆವರ್ತಿದೆಯಾ?"

"ಇಲ್ಲ. ತಣ್ಣಗಿದೆ."

"ಉಳಿದ ಬಾಟಲಿ ಎಲ್ಲಿಟ್ರು ಅಂತ ಯೋಚನೆ ಬಂತಾ?"

"ಯಾಕೆ ಬರಬೇಕು?"

"ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಈ ಹೊತ್ತಲ್ಲಿ ನಿನ್ನ ತಲೇಲಿ ಏನಿದೆ? ನಿಜ ಹೇಳು."

ರಾಖೆಲ್ ನಿಜವಾಗಿಯೂ ಯೋಚಿಸಿದಳು. "ಬೀನ್ಸ್ ಸಾರು ಒಲೆ ಮೇಲಿಟ್ಟು ಹೋಗಿದ್ದೆ. ತಳ ಹಿಡೀತೇನೋ ಅಂತ."

ಈಸಾಕ್ ನಕ್ಕ. ಮುಂದಿನ ಹಲ್ಲಿಲ್ಲದ ಬಾಯಿ ತೆರೆದು, ನೆಲದ ಮೇಲೆ ಕೂತೇಬಿಟ್ಟು ನಕ್ಕ. "ಹಂಗಾದ್ರೆ ನಿನಗೆ ಬಂದಿಲ್ಲ, ಬರೋದೂ ಇಲ್ಲ. ಅದು ಬಂದೋರಿಗೆ ಸಾರು ನೆನಪಿರಲ್ಲ ಕಣಕ್ಕ. ಮಕ್ಕಳೇ ನೆನಪಿರಲ್ಲ."

"ಮತ್ತೆ ಅಮ್ಮ ಹೇಳಿದ್ದು?"

"ಅಮ್ಮ ಅವತ್ತು ಹಿಡ್ಕೊಂಡಿದ್ದು ನಿನ್ನ ಕೈ, ನೋಡ್ತಿದ್ದದ್ದು ನನ್ನನ್ನ. ಆಗಲೇ ನಾನು ಅಪ್ಪನ ಲೋಟದ ತಳ ನೆಕ್ಕಿದ್ದೆ, ಅವಳಿಗೆ ಗೊತ್ತಿತ್ತು. ನಿನ್ನ ಕೈಲಿ ಆಣೆ ಮಾಡಿಸಿದ್ದು ಅದು ನನಗೆ ಬೇಲಿ ಆಗ್ಲಿ ಅಂತ." ಅವನು ಅಕ್ಕನ ಮೊಣಕಾಲು ತಟ್ಟಿದ. "ಇವತ್ತು ಆಯ್ತಲ್ಲ ಬೇಲಿ."

ರಾಖೆಲ್ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವಳು ಅಳುತ್ತಾಳೆ ಎಂದುಕೊಂಡೆ. ಬದಲಿಗೆ ಒಂದು ಉದ್ದನೆಯ ಉಸಿರು ಬಿಟ್ಟಳು. ಹದಿನಾರನೆಯ ವಯಸ್ಸಿನಿಂದ ಹಿಡಿದಿಟ್ಟ ಉಸಿರು ಅದು ಎಂದು ನನಗೆ ಅನ್ನಿಸಿತು.

"ಹೇಗಿತ್ತು?" ಎಂದು ಈಸಾಕ್ ಮೆಲ್ಲಗೆ ಕೇಳಿದ. "ಇಳಿಯೋವಾಗ."

ಅವಳು ಕಣ್ಣು ಮುಚ್ಚಿದಳು. ಪರೀಕ್ಷಾ ಕೋಣೆಯಲ್ಲಿ ಮುಚ್ಚುವ ಹಾಗೆಯೇ ಇರಬೇಕು.

"ಗಂಟಲಲ್ಲಿ ಬೆಚ್ಚಗೆ. ಬಿಸಿಯಲ್ಲ, ಬಿಸಿಲಿಗೆ ಹಾಕಿದ ಹಾಸಿಗೆ ಬಟ್ಟೆಯಷ್ಟು ಬೆಚ್ಚಗೆ. ಆಮೇಲೆ ರುಚಿ ಹಿಂದಿನಿಂದ ಏರಿ ಮೂಗಿಗೆ ಬಂತು, ಬೇರೆ ಬಾಗಿಲಿಂದ ಬಂದ ಹಾಗೆ. ಅಲ್ಲಿ ಸ್ವಲ್ಪ ಒಣಹುಲ್ಲು ಇತ್ತು, ಅದು ನನಗೆ ಗೊತ್ತೇ ಇರಲಿಲ್ಲ. ಹತ್ತು ಎಣಿಸೋಷ್ಟರಲ್ಲಿ ಹೋಯ್ತು. ಒಳ್ಳೇ ವೈನು. ಮೂವತ್ತೈದು ರ‍್ಯಾಂಡಿಗೆ ಅಷ್ಟು ಸಾಕು." ಕಣ್ಣು ತೆರೆದು, "ಇನ್ನೊಂದು ಗುಟುಕು ಬೇಡ," ಎಂದಳು. ತಾನೇ ಆ ಮಾತನ್ನು ಕೇಳಿಸಿಕೊಂಡವಳಂತೆ ಇನ್ನೊಮ್ಮೆ ಹೇಳಿದಳು. "ಬೇಡ ಕಣೋ. ನಿಜವಾಗ್ಲೂ ಬೇಡ."

"ಅಷ್ಟೆಲ್ಲ ಇತ್ತಾ ಅದರಲ್ಲಿ?" ಎಂದ ಈ‌ಸಾಕ್. "ಟ್ಯಾಂಕುಗಟ್ಟಲೆ ಕುಡಿದೆ. ನನಗೆ ಒಂದು ದಿನವೂ ಏನೂ ರುಚಿ ಸಿಗಲಿಲ್ಲ. ನೀನು ಹೇಳಿದ್ದೇ ಚೆನ್ನಾಗಿದೆ. ನನಗೆ ಇಷ್ಟು ಸಾಕು."

ಸಾರು ತಳ ಹಿಡಿದಿತ್ತು, ಆದರೆ ಮೇಲಿನದು ತಿನ್ನುವಂತಿತ್ತು. ನನ್ನನ್ನೂ ಊಟಕ್ಕೆ ಕೂರಿಸಿದರು. ಆ ಮನೆಯಲ್ಲಿ ಊಟದ ಪ್ರಾರ್ಥನೆ ಯಾವತ್ತೂ ರಾಖೆಲ್‌ಳದೇ. ಅವತ್ತು ಅವಳು ಕೈ ಜೋಡಿಸಿದಳು, "ಕರ್ತನೇ" ಎಂದಳು, ಮುಂದಿನ ಮಾತು ಬರಲಿಲ್ಲ. ನಾವು ತಲೆ ತಗ್ಗಿಸಿ ಕಾದೆವು. ಒಂಬತ್ತು ವರ್ಷದಲ್ಲಿ ಯಾರೂ ಕೇಳಿರದ ದನಿಯಲ್ಲಿ ಈಸಾಕ್ ಮುಂದುವರಿಸಿದ.

"ಕರ್ತನೇ, ಊಟಕ್ಕೆ ಸ್ತೋತ್ರ. ನನ್ನ ಅಕ್ಕನ ನಾಲಗೆಗೆ ಸ್ತೋತ್ರ. ಅವಳು ಇವತ್ತು ಮಧ್ಯಾಹ್ನ ಸ್ವಲ್ಪ ಮಲಗಲಿ, ತುಂಬ ವರ್ಷದಿಂದ ಸರಿಯಾಗಿ ಮಲಗಿಲ್ಲ. ಆಮೆನ್."

"ಆಮೆನ್," ಎಂದಳು ರಾಖೆಲ್. ಅವನ ತಟ್ಟೆಗೆ ಸಾರಿನಲ್ಲಿದ್ದ ಮಾಂಸದ ದೊಡ್ಡ ತುಂಡು ಹಾಕಿದಳು, ತಾನು ಎರಡು ಸಲ ಬಡಿಸಿಕೊಂಡಳು, ಊಟವಾದ ಮೇಲೆ ಪಾತ್ರೆಯನ್ನು ತೊಳೆಯದೆ ಹಾಗೇ ಬಿಟ್ಟು ಹೋಗಿ ಮಲಗಿದಳು.